ತೊಂಬತ್ತಾರು ಪೆಟ್ಟುಗಳು

ನನ್ನ ಗಂಡನ ಉತ್ತರಕ್ರಿಯೆಯೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಖಾಲಿಯಾಯಿತು. ಅತ್ತೆ ಅದನ್ನು ಅಲುಗಾಡಿಸಿ ನೋಡಿ, "ಇದಕ್ಕೂ ಇವತ್ತೇ ಬೇಕಿತ್ತು" ಎಂದರು. ನನಗೆ ನಗು ಬಂತು.

ಹತ್ತು ಗಂಟೆಗೆ ವಾಲ್ಯೂಮಣ್ಣನ ಫೋನ್. ಹಿಂದಿನ ಬೀದಿಯಲ್ಲಿ ಅವರದೊಂದು ರೆಕಾರ್ಡಿಂಗ್ ಕೋಣೆ ಇದೆ. ನನ್ನ ಗಂಡ ಕೆಲಸ ಕಲಿತದ್ದು ಅಲ್ಲೇ. ಅವರ ಮಾತು ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ, ಅದಕ್ಕೇ ಇವನು ಆ ಹೆಸರಿಟ್ಟಿದ್ದ.

"ಕೇಳೋ ಹೊತ್ತಲ್ಲ ಇದು, ಗೊತ್ತಮ್ಮ. ನನ್ನ ಡಿಸ್ಕ್ ಅವನ ಹತ್ರ ಇತ್ತು, ಡ್ರಮ್ ಸದ್ದುಗಳದ್ದು. ನಾಳೆ ರೆಕಾರ್ಡಿಂಗ್ ಇದೆ. ಅದಿಲ್ಲದೆ ನನ್ನ ಹಳೇ ಹಾಡುಗಳೆಲ್ಲ ಬಾಯಿ ಮುಚ್ಕೊಂಡು ಕೂತಿವೆ."

"ಸಂಜೆ ತಂದುಕೊಡ್ತೀನಿ ಅಣ್ಣ."

"ನಾನೇ ಬರ್ತೀನಿ ಬಿಡು."

"ಬೇಡ. ಹೊರಗೆ ಹೋಗೋಕೆ ನಂಗೂ ಒಂದು ನೆಪ ಬೇಕು."

ಡಿಸ್ಕ್ ಅವನ ಲ್ಯಾಪ್‌ಟಾಪಿಗೆ ಚುಚ್ಚಿಕೊಂಡೇ ಇತ್ತು. ತೆಗೆಯುವ ಮೊದಲು ಸುಮ್ಮನೆ ಒಳಗೆ ಇಣುಕಿದೆ. ತೊಂಬತ್ತಾರು ಫೈಲುಗಳು. ಒಂದರಲ್ಲೂ ಡ್ರಮ್ಮಿನ ಹೆಸರಿಲ್ಲ. 'ಅಮ್ಮನ ಬಾಗಿಲು, ಮೆಲ್ಲಗೆ'. 'ಅಮ್ಮನ ಬಾಗಿಲು, ಸಿಟ್ಟಿಗೆ'. 'ಕುಕ್ಕರ್ ಮುಚ್ಚಳ'. 'ಚಪ್ಪಲಿ, ಒಂದೇ ಕಾಲು'. 'ವಾಲ್ಯೂಮಣ್ಣ ನಕ್ಕಾಗ'. ಕೊನೆಯದನ್ನು ಒತ್ತಿದೆ, ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಕಿವಿಗೊಟ್ಟೆ. ತಟ್ಟೆಯ ಮೇಲೆ ಬ್ರಷ್ ಸವರಿದಂತೆ ಒಂದಿಷ್ಟು ಉಸಿರು.

ಉಳಿದವನ್ನೂ ಕೇಳಿ ಅಣ್ಣನಿಗೆ ಮತ್ತೆ ಫೋನ್ ಮಾಡಿದೆ. "ಒಂದೇ ಥರ ಕೇಳಿಸೋ ಸದ್ದಿಗೆ ಎಂಟೆಂಟು ಫೈಲ್ ಯಾಕೆ?"

"ಕೈ ಎರಡು ಸಲ ಒಂದೇ ಥರ ಹೊಡೆಯಲ್ಲಮ್ಮ. ಒಂದೇ ಪೆಟ್ಟನ್ನ ಮತ್ತೆ ಮತ್ತೆ ಹಾಕಿದ್ರೆ ಕಿವಿಗೆ ಗೊತ್ತಾಗಿಬಿಡುತ್ತೆ, ಇದು ಯಂತ್ರ ಅಂತ. ನನ್ನ ಹಳೇ ಸಾಫ್ಟ್‌ವೇರ್ ತಾನೇ ಬದಲಾಯಿಸ್ಕೊಂಡು ಹೋಗುತ್ತೆ. ಆ ಸದ್ದುಗಳು ಅದರ ಜೊತೆಗೇ ಬಂದಿದ್ದು. ಅವನದ್ದು ಬೇರೆ ಸಾಫ್ಟ್‌ವೇರ್. ಅದರಲ್ಲಿ ಒಂದೊಂದನ್ನೂ ಕೈಯಲ್ಲೇ ಜೋಡಿಸ್ಕೋಬೇಕು."

"ಹೆಸರು ಬದಲಾಗಿದ್ರೆ ನಿಮ್ಮದಕ್ಕೆ ಸಿಗುತ್ತಾ?"

"ಬದಲಾಯಿಸಿದ್ದಾನಾ?"

"ಹೂಂ. ಎಲ್ಲಾ."

"ಸಿಗಲ್ಲ. ಹೆಸರು ಹಿಡ್ಕೊಂಡೇ ಹುಡುಕೋದು ಅದು."

ಅವನ ಲ್ಯಾಪ್‌ಟಾಪಿನಲ್ಲಿ ಜಾಗವಿರಲಿಲ್ಲ. ಹಾಗಾಗಿ ನಕಲು ಮಾಡಿಕೊಳ್ಳದೆ, ಎರವಲು ತಂದ ಡಿಸ್ಕಿನಲ್ಲೇ ಹೆಸರು ತಿದ್ದಿ, ಪ್ರತಿ ಪೆಟ್ಟಿಗೂ ಅದು ನೆನಪಿಸಿದ್ದರ ಹೆಸರಿಟ್ಟಿದ್ದ. ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕ್ಯಾಟಲಾಗ್ ಮಾಡುವವಳು. ಎರವಲು ಪುಸ್ತಕದಲ್ಲಿ ಗೆರೆ ಎಳೆಯುವವರನ್ನು ಕಂಡರೆ ನನಗಾಗದು. ಅವನು ಬದುಕಿದ್ದರೆ ಜಗಳವಾಡುತ್ತಿದ್ದೆ.

ಹೆಸರುಗಳನ್ನು ಮೊದಲಿನಂತೆ ಮಾಡುವುದು ಸಾಧ್ಯವಿತ್ತು. ಸದ್ದುಗಳ ಜೊತೆ ಬಂದ ಪಟ್ಟಿ ಡಿಸ್ಕಿನಲ್ಲೇ ಇತ್ತು: ಕಿಕ್ ಒಂದು, ಸ್ನೇರ್ ಹದಿನಾಲ್ಕು ಎಂದು ಯಾವ ಡ್ರಮ್ಮಿನ ಎಷ್ಟನೇ ಪೆಟ್ಟು, ಎಷ್ಟು ಸೆಕೆಂಡು, ಮೆಲ್ಲಗೋ ಗಟ್ಟಿಯೋ. ತೊಡಕು ಬೇರೆ. ಅವನು ಕೊನೆಗೆ ಮಾಡುತ್ತಿದ್ದ ಹಾಡು ಲ್ಯಾಪ್‌ಟಾಪಿನಲ್ಲಿತ್ತು. ಯಾರೂ ಕೇಳಿ ಮಾಡಿಸಿದ್ದಲ್ಲ. ಅದು ಹುಡುಕುವುದು ಅವನಿಟ್ಟ ಹೆಸರುಗಳನ್ನು. ನಾನು ತಿದ್ದಿದರೆ ಅಣ್ಣನ ಹಾಡುಗಳು ಬಾಯಿ ಬಿಡುತ್ತವೆ, ಇವನದರ ಡ್ರಮ್ ಸತ್ತುಹೋಗುತ್ತದೆ.

ನಕಲು ಮಾಡಿಕೊಳ್ಳೋಣವೆಂದು ಪೆನ್‌ಡ್ರೈವ್ ಚುಚ್ಚಿದೆ. ನಕಲು ಅರ್ಧವಾಗುವ ಹೊತ್ತಿಗೆ ಪಟ್ಟಿಯ ಕೆಳಗಿದ್ದ ಕರಾರು ಓದಿದೆ. ಓದುವುದು ನನ್ನ ಚಾಳಿ. ಕೊಂಡವರು ಈ ಸದ್ದುಗಳನ್ನು ಯಾವ ಸಾಫ್ಟ್‌ವೇರಿನಲ್ಲಾದರೂ ತಮ್ಮ ಸಂಗೀತಕ್ಕೆ ಬಳಸಬಹುದು. ಬಿಡಿ ಸದ್ದುಗಳನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕೊಂಡವರು ಅಣ್ಣ. ಅಲ್ಲಿ ಕೂತು ಕೆಲಸ ಮಾಡಿದಷ್ಟು ಕಾಲ ಇವನು ಬಳಸಿದ್ದು ಸರಿ. ಡಿಸ್ಕ್ ಮನೆಗೆ ತಂದ ಮೇಲಿನದನ್ನು ಇಬ್ಬರೂ ಯೋಚಿಸಿದಂತಿಲ್ಲ. ನಾನಂತೂ ಯಾರೂ ಅಲ್ಲ. ನಕಲು ನಿಲ್ಲಿಸಿ ಅಳಿಸಿದೆ.

ಹಾಡನ್ನು ಮಾತ್ರ ಇಡಿಯಾಗಿ ಒಂದೇ ಫೈಲಾಗಿ ಇಳಿಸಿಕೊಳ್ಳಬಹುದಿತ್ತು. ಹೇಗೆಂದು ಫೋನಿನಲ್ಲಿ ಅಣ್ಣ ಹೇಳಿದರು. ಇಳಿಸಿಕೊಂಡು ಕೇಳಿದೆ. ಮೂರು ನಿಮಿಷ ಹನ್ನೆರಡು ಸೆಕೆಂಡಿಗೆ ನಿಂತಿತು. ಮುಗಿಯಲಿಲ್ಲ, ನಿಂತಿತು.

ಆಮೇಲೆ ಒಂದೊಂದೇ ಫೈಲಿನ ಉದ್ದ ನೋಡಿ ಪಟ್ಟಿಗೆ ಹೊಂದಿಸುತ್ತ ಹೋದೆ. ಉದ್ದ ಒಂದೇ ಇದ್ದಲ್ಲಿ ಕಿವಿಯೇ ಗತಿ. ಅತ್ತೆ ಒಗೆದ ಬಟ್ಟೆಯ ರಾಶಿ ಹೊತ್ತು ಬಾಗಿಲಲ್ಲಿ ನಿಂತರು.

"ಏನದು ಢಬಢಬ?"

"ನೀವು ಬಾಗಿಲು ಹಾಕೋ ಸದ್ದಂತೆ. ನಿಮ್ಮ ಮಗ ಬರೆದಿಟ್ಟಿದ್ದಾನೆ."

"ನಾನು ಯಾವತ್ತು ಹೀಗೆ ಹಾಕಿದೀನಿ?"

"ಇದು ಮೆಲ್ಲಗಿನದು ಅತ್ತೆ. ಸಿಟ್ಟಿನದು ಬೇರೆ ಇದೆ."

"ಹಾಕು, ನೋಡೋಣ."

ಹಾಕಿದೆ. ಅವರು ಬಟ್ಟೆ ಕೆಳಗಿಟ್ಟರು. "ಕಳ್ಳ," ಎಂದರು. "ಇನ್ನೊಂದ್ಸಲ ಹಾಕು." ಮೂರು ಸಲ ಹಾಕಿಸಿಕೊಂಡು, ನಾನು ಅದರ ಮೇಲೆ 'ಸ್ನೇರ್ ಹದಿನಾಲ್ಕು' ಎಂದು ಬರೆಯುವುದನ್ನು ನೋಡಿದರು. ಬೇಡ ಎನ್ನಲಿಲ್ಲ. ಬಟ್ಟೆ ಎತ್ತಿಕೊಂಡು ಹೋದರು.

ನಾಲ್ಕು ಗಂಟೆಗೆ ಮುಗಿಯಿತು. ಅವನ ಹಾಡನ್ನು ಒಮ್ಮೆ ತೆರೆದು ನೋಡಿದೆ. ತೊಂಬತ್ತಾರು ಫೈಲು ಸಿಗುತ್ತಿಲ್ಲ ಎಂದಿತು. ಮುಚ್ಚಿದೆ.

ವಾಲ್ಯೂಮಣ್ಣನ ಕೋಣೆಯಲ್ಲಿ ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದೆ. ಡಿಸ್ಕನ್ನೂ ಅದರ ವೈರನ್ನೂ ಅವರ ಮೇಜಿನ ಮೇಲಿಟ್ಟೆ.

"ನಕಲು ಇಟ್ಕೊಂಡಿದ್ರೂ ನಾನೇನೂ ಅಂತಿರಲಿಲ್ಲ," ಎಂದರು.

"ಕರಾರಲ್ಲಿ ಹಾಗಿಲ್ಲ ಅಣ್ಣ."

"ಅದನ್ನ ಯಾರಮ್ಮ ಓದ್ತಾರೆ?"

"ನಾನು ಓದಿದೆ."

ಡಿಸ್ಕ್ ಚುಚ್ಚಿ ಒಂದು ಹಳೆಯ ಹಾಡು ತೆರೆದರು. ಯಾವ ದೂರೂ ಬರಲಿಲ್ಲ. ಡ್ರಮ್ ಶುರುವಾಯಿತು. ಸ್ವಲ್ಪ ಹೊತ್ತು ಕೇಳಿ ನಿಲ್ಲಿಸಿದರು.

"ಅವನು ಯಾವತ್ತೂ ಇಷ್ಟು ನೀಟಾಗಿ ವಾಪಸ್ ಕೊಟ್ಟೋನಲ್ಲ."

"ಗೊತ್ತು," ಎಂದೆ.