ಎಲ್ಲರಿಗೂ ಒಂದೇ ಬೈಠಕ್

ಹೀರಾ ಕಾರವಾರದ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಆಟದ ಟೀಚರು. ಊರಿಗೆಲ್ಲ ಹೀರಾ ಅಕ್ಕೋರು. ಬೆಳಿಗ್ಗೆ ಆರರಿಂದ ಎಂಟರವರೆಗೆ ಶಾಲೆಯ ಹಿಂದಿನ ಹಳೆಯ ಕೋಣೆಯೊಂದರಲ್ಲಿ ಹುಡುಗಿಯರಿಗೆ ಪವರ್‌ಲಿಫ್ಟಿಂಗ್ ಕಲಿಸುತ್ತಿದ್ದರು. ಅವರದು ಗಿಡ್ಡ, ಗಟ್ಟಿ ಮೈ. ಎತ್ತರ ಐದಡಿಗೆ ಒಂದಿಂಚು ಕಮ್ಮಿ. ವಯಸ್ಸಿನಲ್ಲಿದ್ದಾಗ ಆ ಮೈಯಿಂದಲೇ ರಾಜ್ಯಮಟ್ಟದಲ್ಲಿ ಬೆಳ್ಳಿ ಗೆದ್ದಿದ್ದರು. ಅದೂ ಮುಖ್ಯವಾಗಿ ಬೈಠಕ್‌ನಿಂದ. ಎರಡೂ ತುದಿಗೆ ಭಾರ ಹಾಕಿದ ಕಬ್ಬಿಣದ ಬಾರ್ ಹೆಗಲ ಮೇಲಿಟ್ಟುಕೊಂಡು ಕೆಳಗೆ ಕೂತು ಏಳುವುದು. ಬಾರ್ ಕುತ್ತಿಗೆಯ ಬುಡಕ್ಕೆ, ಪಾದ ಭುಜದಷ್ಟೇ ಅಗಲಕ್ಕೆ, ಬೆರಳು ನೇರ ಮುಂದಕ್ಕೆ, ಎದೆ ಮೇಲಕ್ಕೆ, ಬೆನ್ನು ಕಂಬದ ಹಾಗೆ. ತಮಗೆ ಬಂದದ್ದನ್ನೇ ಎಲ್ಲರಿಗೂ ಕಲಿಸಿದರು. ಬಂದವರು ಉಳಿದರು. ಬಾರದವರಿಗೆ ಒಂದು ದಿನ ಅಕ್ಕೋರೇ ಹೇಳಿಬಿಡುತ್ತಿದ್ದರು, ನಿನ್ನ ಮೈ ಇದಕ್ಕಲ್ಲ ಎಂದು.

ಯಶೋದಾಗೆ ಮಾತ್ರ ಹಾಗೆ ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ಬೆಳಂಬಾರದ ಹುಡುಗಿ, ಉದ್ದುದ್ದ ಕೈಕಾಲು. ಕತ್ತಲಲ್ಲೇ ಎದ್ದು ಅಂಕೋಲೆಗೆ ಬಂದು ಅಲ್ಲಿಂದ ಮೊದಲ ಬಸ್ಸು ಹಿಡಿದು ಕಾರವಾರಕ್ಕೆ ಬರುತ್ತಿದ್ದಳು. ನೆಲದ ಮೇಲಿನ ಭಾರವನ್ನು ಸೊಂಟದವರೆಗೆ ಎತ್ತುವುದರಲ್ಲಿ ಜಿಲ್ಲೆಯಲ್ಲೇ ಅವಳ ಸಮಕ್ಕೆ ಯಾರೂ ಇರಲಿಲ್ಲ. ಬೈಠಕ್ ಮಾತ್ರ ಎರಡು ವರ್ಷವಾದರೂ ಒಲಿಯಲಿಲ್ಲ. ಅರ್ಧಕ್ಕೆ ಇಳಿದಳೋ ಇಲ್ಲವೋ ಮೈ ಮುಂದಕ್ಕೆ ವಾಲುತ್ತಿತ್ತು, ಹಿಮ್ಮಡಿ ಏಳುತ್ತಿತ್ತು. ಸ್ಪರ್ಧೆಯಲ್ಲಿ ಮೊದಲು ಬರುವುದೇ ಬೈಠಕ್. ಮೂರು ಅವಕಾಶವೂ ತಪ್ಪಿದರೆ ಮುಂದಿನದಕ್ಕೆ ಕರೆಯುವುದೇ ಇಲ್ಲ. ಎರಡು ವರ್ಷ ಜಿಲ್ಲಾ ಆಯ್ಕೆಯಲ್ಲಿ ಅವಳಿಗೆ ಅದೇ ಆಗಿತ್ತು. ಈಗ ಇಪ್ಪತ್ಮೂರು. ಜೂನಿಯರ್ ವಿಭಾಗಕ್ಕೆ ಇದೇ ಕೊನೆಯ ವರ್ಷ. ಅವಳ ತಾಯಿ ಸುಕ್ರಿ, ಗದ್ದೆ ಕೂಲಿ ಎರಡನ್ನೂ ಮಾಡುವ ಹೆಂಗಸು, ಈ ವರ್ಷದ ಮಟ್ಟಿಗೆ ಒಪ್ಪಿದ್ದಳು. ಆಮೇಲೆ ಗೇರುಬೀಜದ ಕಾರ್ಖಾನೆ.

ಆಯ್ಕೆಗೆ ಒಂಬತ್ತು ವಾರ ಇತ್ತು. ಆವತ್ತು ಬಾರ್ ಮೇಲೆ ತೊಂಬತ್ತು ಕಿಲೋ. ಯಶೋದಾ ನಾಲ್ಕು ಸಲ ತಪ್ಪಿದ್ದಳು. ಇನ್ನು ಸಾಕು ಎನ್ನಬೇಕಾದ ಹೊತ್ತಿನಲ್ಲಿ ಅಕ್ಕೋರು ಇನ್ನೊಮ್ಮೆ ಎಂದರು. ಸೋಮಾರಿತನ, ಬೆನ್ನು ನೆಟ್ಟಗಿಡಲು ನಿನಗೆ ಮನಸ್ಸಿಲ್ಲ ಎಂದೂ ಬೈದರು. ಯಶೋದಾ ಐದನೇ ಸಲ ಇಳಿದಳು. ಎದೆ ಎತ್ತು, ಎದೆ ಎತ್ತು ಎಂದು ಅಕ್ಕೋರು ಕೂಗುತ್ತಿರುವಾಗಲೇ ಬಾರ್ ಕುತ್ತಿಗೆಗೆ ಉರುಳಿತು. ಪಕ್ಕದಲ್ಲಿ ನಿಂತಿದ್ದ ಇಬ್ಬರು ಹಿಡಿದುಕೊಂಡರು. ಹುಡುಗಿ ಮಂಡಿಯೂರಿ ಹಾಗೇ ಉಳಿದಳು. ಎಡಗಾಲು ಮುಟ್ಟಿದರೂ ಗೊತ್ತಾಗುತ್ತಿಲ್ಲ ಎಂದು ಮೆಲ್ಲಗೆ ಹೇಳಿದಳು.

ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಕಾಲಿಗೆ ಸ್ಪರ್ಶಜ್ಞಾನ ಮರಳಿತು. ಮೂಳೆಗೇನೂ ಆಗಿಲ್ಲ, ಸ್ನಾಯು ಹಿಡಿದುಕೊಂಡಿದೆ, ಮೂರು ವಾರ ಏನನ್ನೂ ಎತ್ತಕೂಡದು ಎಂದರು ಡಾಕ್ಟರು. ಸುಕ್ರಿ ಬಂದು ಮಂಚದ ಕಾಲ ಬಳಿ ನೆಲದ ಮೇಲೆ ಕೂತಳು. ಅಕ್ಕೋರನ್ನು ಬೈಯಲೂ ಇಲ್ಲ, ಅವರ ಮುಖ ನೋಡಲೂ ಇಲ್ಲ. ಯಶೋದಾ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ನಾನು ಬೆನ್ನು ನೆಟ್ಟಗಿಡೂಕೆ ನೋಡ್ತೇ ಇದ್ದೆ ಅಕ್ಕೋರೆ," ಎಂದಳು. "ನನ್ನ ಕಾಲು ಕತ್ತರಿಸಿ ಗಿಡ್ಡ ಮಾಡೂಕೆ ಆಗೂದಿಲ್ಲವಲ್ಲ."

ಸಿಟ್ಟಿನಲ್ಲಿ ಹೇಳಿದ್ದರೆ ಹೀರಾ ತಡೆದುಕೊಳ್ಳುತ್ತಿದ್ದರು. ಹುಡುಗಿ ಅದನ್ನು ಕ್ಷಮೆ ಕೇಳುವ ಹಾಗೆ ಹೇಳಿದ್ದಳು.

ಮರುದಿನ ಹೊಲಿಗೆಯ ಟೇಪು ಚೀಲಕ್ಕೆ ಹಾಕಿಕೊಂಡು ಹೀರಾ ಆಸ್ಪತ್ರೆಗೆ ಹೋದರು. ಸೊಂಟದ ಕೀಲಿನಿಂದ ಮಂಡಿಯವರೆಗೆ ಯಶೋದಾದು ನಲವತ್ತಾರು ಸೆಂಟಿಮೀಟರು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ತಮ್ಮದನ್ನು ಅಳೆದುಕೊಂಡರು. ಮೂವತ್ತಾರು. ಸೊಂಟದಿಂದ ಹೆಗಲಿಗೆ ನೋಡಿದರೆ ಯಶೋದಾದೇ ಒಂದು ಬೆರಳು ಗಿಡ್ಡ. ಅಷ್ಟು ಉದ್ದದ ತೊಡೆ ಮಡಚಿ ಕೂತಾಗ ಕುಂಡೆ ಹಿಂದೆಲ್ಲೋ ಹೋಗಿ ನಿಲ್ಲುತ್ತದೆ. ಬೀಳದೆ ಇರಬೇಕಾದರೆ ಮೈ ಮುಂದಕ್ಕೆ ಬಗ್ಗಲೇಬೇಕು. ಅವಳ ಮೈ ಅವಳನ್ನು ಉಳಿಸಿಕೊಳ್ಳಲು ಬಗ್ಗುತ್ತಿತ್ತು. ತಾವು ಎರಡು ವರ್ಷ ಅದನ್ನೇ ಸೋಮಾರಿತನ ಎಂದಿದ್ದರು. ನಿನ್ನ ಮೈ ಇದಕ್ಕಲ್ಲ ಎಂದು ಹೇಳಿ ಕಳಿಸಿದ ಹುಡುಗಿಯರ ಮುಖಗಳು ಒಂದೊಂದಾಗಿ ನೆನಪಿಗೆ ಬಂದವು. ಬಹುಪಾಲು ಎಲ್ಲರೂ ಉದ್ದನೆಯವರೇ.

ಆದರೆ ಬೇರೆ ಬೈಠಕ್ ಹೇಗೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳಿದ್ದಳು. ಲತಾ. ಹನ್ನೆರಡು ವರ್ಷದ ಹಿಂದೆ ಇವರೇ ಹೊರಗೆ ಕಳಿಸಿದವಳು. ಈಗ ಬಸ್ ಕಂಡಕ್ಟರು, ಅಂಕೋಲೆಯಲ್ಲಿ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಾಲ್ಕಾರು ಹುಡುಗಿಯರಿಗೆ ತನ್ನದೇ ರೀತಿಯ ಬೈಠಕ್ ಕಲಿಸುತ್ತಾಳೆಂದು ಕೇಳಿದ್ದರು. ಎಂದೂ ಹೋಗಿ ನೋಡಿರಲಿಲ್ಲ.

ಲತಾ ಡ್ಯೂಟಿ ಮುಗಿಸಿ ಬಂದಾಗ ಹೀರಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಲತಾ ಒಳಗೆ ಕರೆಯಲಿಲ್ಲ. ಹೀರಾ ನಿಂತಲ್ಲೇ ಎಲ್ಲ ಹೇಳಿದರು. ಅಳತೆಯನ್ನೂ ಹೇಳಿದರು.

"ನೀವು ಕಳಿಸಿದಾಗ ನಂಗೆ ಹತ್ತೊಂಬತ್ತು," ಎಂದಳು ಲತಾ. "ಆಮೇಲೆ ಎರಡು ವರ್ಷ ನಾ ಕನ್ನಡಿ ಮುಂದೆ ನಿಲ್ಲಲಿಲ್ಲ. ಅಷ್ಟು ಅಸಹ್ಯ ನನ್ನ ಮೈ ಅಂತ ಅನಿಸ್ತಿತ್ತು."

ಹೀರಾ ತಪ್ಪಾಯಿತು ಎಂದರು. ಲತಾ ಶೆಡ್ಡಿನ ಬಾಗಿಲು ತೆರೆದು, ಒಳಗಿನ ಖಾಲಿ ಬಾರ್ ತೋರಿಸಿ ಅದರ ಕೆಳಗೆ ನಿಲ್ಲಿ ಎಂದಳು. ಹೀರಾಗೆ ಐವತ್ತೆರಡು ವರ್ಷ, ಬಲ ಮಂಡಿ ನೋವು. ನಿಂತರು. ಲತಾ ಬಾರನ್ನು ಕುತ್ತಿಗೆಯ ಬುಡದಿಂದ ನಾಲ್ಕು ಬೆರಳು ಕೆಳಕ್ಕೆ, ಭುಜದ ಹಿಂದಿನ ಎಲುಬಿನ ಮೇಲೆ ಇಳಿಸಿದಳು. ಪಾದ ಅಗಲಿಸಿ ಬೆರಳು ಹೊರಕ್ಕೆ ತಿರುಗಿಸಲು ಹೇಳಿದಳು. ಕಾಲು ಅಗಲಿಸಿದರೆ ತೊಡೆ ಮುಂದಕ್ಕೆ ಚಾಚುವ ಬದಲು ಪಕ್ಕಕ್ಕೆ ಹೋಗುತ್ತದೆ, ಉದ್ದದ ತೊಡೆಯೂ ಆಗ ಗಿಡ್ಡದ ಹಾಗೆ ಕೆಲಸ ಮಾಡುತ್ತದೆ ಎಂದಳು. ಬೆನ್ನು ಬಗ್ಗಲಿ, ಗೂನಾಗದಿದ್ದರೆ ಸಾಕು. ನೋಡಬೇಕಾದ್ದು ಒಂದೇ, ಬಾರ್ ಪಾದದ ನಡುವಿನ ನೇರಕ್ಕೇ ಇಳಿದು ಏಳಬೇಕು. ಎಷ್ಟು ಅಗಲ, ಎಷ್ಟು ಬಾಗು ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಹುಡುಕಬೇಕು, ಅದಕ್ಕೆ ತಿಂಗಳುಗಳೇ ಬೇಕು.

ತಿಂಗಳುಗಳಿರಲಿಲ್ಲ. ವಿಶ್ರಾಂತಿ ಮುಗಿಯುವ ಹೊತ್ತಿಗೆ ಉಳಿದದ್ದು ಐದೂವರೆ ವಾರ. ಹೀರಾ ಬೆಳಂಬಾರಕ್ಕೆ ಹೋಗಿ ಸುಕ್ರಿಯ ಅಂಗಳದಲ್ಲಿ ನಿಂತು, ತಪ್ಪು ಹುಡುಗಿಯದಲ್ಲ, ನನ್ನದು ಎಂದರು. ಡಾಕ್ಟರು ಹೂಂ ಅಂದರೆ ಮಾತ್ರ ಎಂದಳು ಸುಕ್ರಿ. ಡಾಕ್ಟರು ಕಮ್ಮಿ ಭಾರದಿಂದ ಶುರುಮಾಡಿ ಎಂದರು.

ಕಲಿಕೆ ಲತಾಳ ಶೆಡ್ಡಿನಲ್ಲೇ ಆಯಿತು. ಹೀರಾ ದಿನವೂ ಶಾಲೆ ಮುಗಿಸಿ ಅಂಕೋಲೆಗೆ ಹೋಗುತ್ತಿದ್ದರು. ಮೊದಲ ವಾರ ಬರೀ ಬಾರ್. ಯಶೋದಾ ಮೊದಲ ಸಲ ಪೂರ್ತಿ ಕೆಳಗೆ ಕೂತು ಹಿಮ್ಮಡಿ ಏಳದೆ ಮೇಲೆ ಬಂದಳು. ಇನ್ನೊಮ್ಮೆ ಕೂತಳು, ಇನ್ನೊಮ್ಮೆ. ಆಮೇಲೆ ಅಳತೊಡಗಿದಳು. ಭಾರ ಏರಿಸಿದಂತೆ ಮಾತ್ರ ಹಳೆಯ ಅಭ್ಯಾಸ ಮರಳುತ್ತಿತ್ತು. ಎಂಬತ್ತು ದಾಟಿದರೆ ಸಾಕು, ಪಾದ ತಾನೇ ಒಳಕ್ಕೆ ಸರಿಯುತ್ತಿತ್ತು, ಎದೆ ಎತ್ತಲು ಹೋಗಿ ಮುಗ್ಗರಿಸುತ್ತಿದ್ದಳು. ಎರಡು ವರ್ಷ ಅವಳ ಕಿವಿಗೆ ತುಂಬಿದ್ದು ಹೀರಾರ ದನಿ. ಅದನ್ನು ತೆಗೆಯಲು ಹೀರಾಗೆ ದಾರಿ ಗೊತ್ತಾಗಲಿಲ್ಲ. ಕೊನೆಯ ವಾರ ಲತಾ ಅವರನ್ನು ಹೊರಗೆ ಕೂರಲು ಹೇಳಿದಳು. ಹೀರಾ ಹೊರಗೆ ಕೂತು ಒಳಗೆ ಕಬ್ಬಿಣ ಬೀಳುವ ಸದ್ದನ್ನು ಎಣಿಸಿದರು.

ಆಯ್ಕೆ ಅಂಕೋಲೆಯ ಒಂದು ಸಭಾಭವನದಲ್ಲಿ ನಡೆಯಿತು. ಮೊದಲ ಯತ್ನ ತೊಂಬತ್ತು. ಸಾಕಷ್ಟು ಕೆಳಗೆ ಇಳಿದಿಲ್ಲವೆಂದು ಮೂವರು ರೆಫರಿಗಳದೂ ಕೆಂಪು ದೀಪ. ಎರಡನೆಯದರಲ್ಲಿ ಯಶೋದಾ ಬಾರ್ ಹೊತ್ತು ಹಿಂದೆ ಸರಿಯುವಾಗಲೇ ಹೀರಾಗೆ ಕಂಡಿತು, ಪಾದ ಹಳೆಯ ಅಗಲಕ್ಕೇ ಬಂದು ನಿಂತಿತ್ತು. ಕೂಗಿ ಹೇಳಬೇಕೆನ್ನಿಸಿತು. ತಮ್ಮ ದನಿ ಕೇಳಿದರೆ ಇನ್ನೂ ಕೆಡುತ್ತದೆಂದು ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗಿ ಮುಂದಕ್ಕೆ ಬಿದ್ದಳು. ಹಿಡಿಯುವವರು ಬಾರ್ ಹಿಡಿದರು. ಎದ್ದು ಬೆನ್ನು ಮುಟ್ಟಿಕೊಂಡು ನಡೆದುಹೋದಳು.

ಮೂರನೆಯದಕ್ಕೆ ಬರುವ ಮೊದಲು ಹೀರಾ ಅವಳ ಹತ್ತಿರ ಹೋದರು. ಬೇಡ ಬಿಡು, ಬೆನ್ನು ಮುಖ್ಯ ಎಂದರು. ಯಶೋದಾ ತಲೆಯಾಡಿಸಿದಳು.

"ನೋವಿಲ್ಲ ಅಕ್ಕೋರೆ. ನೀವು ನನ್ನ ನೋಡಬೇಡಿ, ಅಷ್ಟೇ. ಆಚೆ ತಿರುಗಿ ನಿಂತ್ಕಳಿ."

ಹೀರಾ ಗೋಡೆಯ ಕಡೆ ತಿರುಗಿ ನಿಂತರು. ಹಿಂದೆ ರೆಫರಿಯ ಆಜ್ಞೆ ಕೇಳಿಸಿತು. ಆಮೇಲೆ ಏನೂ ಇಲ್ಲ, ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಬಾರನ್ನು ಸ್ಟ್ಯಾಂಡಿನ ಮೇಲೆ ಇಟ್ಟ ಸದ್ದು. ತಿರುಗಿದಾಗ ಎರಡು ಬಿಳಿ, ಒಂದು ಕೆಂಪು. ಪಾಸಾಗಿತ್ತು.

ಉಳಿದದ್ದರಲ್ಲಿ ಯಶೋದಾ ಚೆನ್ನಾಗಿಯೇ ಎತ್ತಿದಳು. ಆದರೂ ಬೈಠಕ್‌ನಲ್ಲಿ ಕಳೆದುಕೊಂಡದ್ದು ತುಂಬಲಿಲ್ಲ. ಮೂರನೆಯವಳಾದಳು. ರಾಜ್ಯಕ್ಕೆ ಹೋಗುವುದು ಇಬ್ಬರೇ. ಸುಕ್ರಿ ಮಗಳ ಚೀಲ ತಾನೇ ಹೊತ್ತುಕೊಂಡು ಬಸ್ಸಿಗೆ ನಡೆದಳು. ಸೋಮವಾರದಿಂದ ಯಶೋದಾ ಕಾರ್ಖಾನೆಗೆ ಹೋಗತೊಡಗಿದಳು. ಸಂಜೆ ಲತಾಳ ಶೆಡ್ಡಿಗೂ ಹೋಗುತ್ತಾಳೆ, ಸೀನಿಯರ್ ವಿಭಾಗಕ್ಕೆ ವಯಸ್ಸಿನ ಮಿತಿಯಿಲ್ಲ ಎನ್ನುತ್ತಾಳಂತೆ. ಕಾರವಾರಕ್ಕೆ ಮತ್ತೆ ಬರಲಿಲ್ಲ.

ಮುಂದಿನ ಭಾನುವಾರ ಹೀರಾ ಕಿನ್ನರ ಎಂಬ ಹಳ್ಳಿಯ ಬಸ್ಸು ಹತ್ತಿದರು. ಅಲ್ಲಿ ದೀಕ್ಷಾ ಇದ್ದಳು, ಅವರ ಕೋಣೆಯಿಂದ ಬೆನ್ನು ಹಿಡಿದುಕೊಂಡು ಮನೆಗೆ ಹೋದ ಇನ್ನೊಬ್ಬಳು. ಈಗ ಎರಡು ಮಕ್ಕಳ ತಾಯಿ. ಜಗಲಿಯ ಕಂಬ ಹಿಡಿದು ನಿಧಾನಕ್ಕೆ ಕೂತಳು. ಬಾವಿಯಿಂದ ನೀರು ಸೇದುವುದು ಗಂಡನೇ ಎಂದು ನಗುತ್ತ ಹೇಳಿದಳು. ಹೀರಾ ಟೇಪು ತೆಗೆಯಲಿಲ್ಲ, ತೊಡೆಯ ಉದ್ದ ಕಣ್ಣಿಗೇ ಕಾಣುತ್ತಿತ್ತು. ಬಂದ ವಿಷಯ ಹೇಳಿದರು. ಕಲಿಸಿದ್ದೇ ತಪ್ಪಾಗಿತ್ತು, ನಿನ್ನ ಮೈಗೆ ಬೇರೆ ರೀತಿ ಬೇಕಿತ್ತು ಎಂದರು.

ದೀಕ್ಷಾಳ ನಗು ಹೋಯಿತು.

"ನಾನು ಸೋಮಾರಿ, ಅದಕ್ಕೇ ಬೆನ್ನು ಹೋಯ್ತು ಅಂತಲೇ ತಿಳ್ಕಂಡಿದ್ದೆ ಅಕ್ಕೋರೆ," ಎಂದಳು. "ಇಷ್ಟು ವರ್ಷ ಮನೇಲೂ ಹಂಗೇ ಹೇಳ್ಕಂಡು ಬಂದೆ."

ದೀಕ್ಷಾ ಕಂಬ ಹಿಡಿದು ಮೆಲ್ಲಗೆ ಎದ್ದು, ಚಾ ಮಾಡುತ್ತೇನೆ ಎಂದು ಒಳಗೆ ಹೋದಳು.