ಬೀ-ಹುನ್ ಅಜ್ಜಿಯ ಹಸಿರು ಪೊಟ್ಟಣ

ಬೀ-ಹುನ್ ಅಜ್ಜಿ ಫೋನಿನಲ್ಲಿ ಹಲೋ ಅನ್ನುವವರಲ್ಲ. "ಆ-ಹುಯಿ, ಮತ್ತೆ ಸತ್ತೆ ಕಣೇ!" ಅಂತಲೇ ಶುರು. ಆ-ಹುಯಿ ನಾನು. ಮೊದಮೊದಲು ನನ್ನ ಎದೆ ಧಸಕ್ಕೆನ್ನುತ್ತಿತ್ತು. ಈಗ ಅಭ್ಯಾಸವಾಗಿದೆ. ಸಾಯುವುದು ಅಜ್ಜಿಯಲ್ಲ, ಕಂಪ್ಯೂಟರ್ ಆಟದಲ್ಲಿ ಅವರು ಆಡಿಸುವ ಬಿಲ್ಲುಗಾರ್ತಿ.

"ಈ ಸಲ ಯಾರು ಕೊಂದರು?" ಅಂದೆ.

"ಯಾರೂ ಇಲ್ಲ, ಈ ಮಷಿನ್ನೇ ಕೊಂದಿದ್ದು! ಚಿತ್ರ ನಿಂತು ನಿಂತು ಬರ್ತಿದೆ. ಶತ್ರು ಕೋಟೆ ಬಾಗಿಲ ಹತ್ರ ಇದ್ದಾನೆ ಅಂತ ಬಾಣ ಎಳೀತೀನಿ, ಚಿತ್ರ ಕದಲೋ ಹೊತ್ತಿಗೆ ಅವನು ನನ್ನ ಬೆನ್ನ ಹಿಂದೆ! ಮೂರು ಗಂಟೆಗೆ ಪಕ್ಕದ ಬಡಾವಣೆ ಆನ್‌ಪಿಂಗ್‌ನೋರ ಜೊತೆ ಪಂದ್ಯ ಇದೆ. ಇವತ್ತೂ ಹೀಗಾದ್ರೆ ನನ್ನ ಜಾಗ ಆ ಲೋ ಅನ್ನೋ ಮುದುಕನಿಗೆ ಅಂತ ಕಿಮ್-ಫಾಂಗ್ ಹೇಳಿಬಿಟ್ಟಿದ್ದಾಳೆ. ಲೋಗೆ ಮೌಸ್ ಯಾವ ಕಡೆಯಿಂದ ಹಿಡೀಬೇಕು ಅಂತಾನೂ ಗೊತ್ತಿಲ್ಲ!"

ತೈನಾನ್‌ನಲ್ಲಿ ನಮ್ಮ ಬಡಾವಣೆಯ ಹಿರಿಯರ ತಂಡಕ್ಕೆ ಐದೇ ಜಾಗ. ನಾಯಕಿ ಕಿಮ್-ಫಾಂಗ್ ಒಂದು ಕಾಲಕ್ಕೆ ವ್ಯಾಯಾಮದ ಟೀಚರ್, ಈಗಲೂ ಹೆಡ್‌ಫೋನಿನೊಳಗೆ ಸೀಟಿ ಊದುತ್ತಾರೆ. ಅವರ ಬಾಯಿಂದ ಬಂದದ್ದು ಬೆದರಿಕೆಯಲ್ಲ, ತೀರ್ಪು. ಹಾಲುಮೀನಿನ ಗಂಜಿಯನ್ನು ಅರ್ಧಕ್ಕೇ ಮುಚ್ಚಿಟ್ಟು, ರಿಪೇರಿ ಅಂಗಡಿಯ ಬಾಗಿಲೆಳೆದು ಸ್ಕೂಟರ್ ಹತ್ತಿದೆ. ಆ ಮಷಿನ್ನಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಟ್ಟವಳೇ ನಾನು. ಹಬ್ಬ ಹಬ್ಬಕ್ಕೂ ಮಕ್ಕಳು ಕೆಂಪು ಲಕೋಟೆಯಲ್ಲಿಟ್ಟು ಕೊಟ್ಟ ದುಡ್ಡನ್ನೆಲ್ಲ ಅಜ್ಜಿ ಅದರ ಮೇಲೇ ಸುರಿದಿದ್ದರು.

ಮನೆಯಲ್ಲಿ ಅಜ್ಜಿಯ ಗಂಡ ತಿಯಾಮ್-ಹೋಕ್ ತಾತ ಕಲ್ಲಂಗಡಿ ಬೀಜ ಕಡಿಯುತ್ತ ಟೀವಿಯಲ್ಲಿ ಬೇಸ್‌ಬಾಲ್ ನೋಡುತ್ತಿದ್ದರು. "ಬಂದ್ಯಾ? ಬೇಗ ಸರಿ ಮಾಡಮ್ಮ. ಇವಳನ್ನ ತಂಡದಿಂದ ತೆಗೆದ್ರೆ ಇಡೀ ದಿನ ನನ್ನನ್ನೇ ಕಾವಲು ಕಾಯ್ತಾಳೆ."

ಕೂತು ನೋಡಿದೆ. ವಿಷಯ ಬೇಗ ತಿಳಿಯಿತು. ಆ ಮಷಿನ್ನಿನಲ್ಲಿ ಚಿತ್ರ ಬಿಡಿಸುವವರು ಇಬ್ಬರು. ಒಬ್ಬ ಮದರ್‌ಬೋರ್ಡಿನ ಜೊತೆಗೇ ಹುಟ್ಟಿದ ಬಡಪಾಯಿ ಚಿಪ್, ಲೆಕ್ಕಪತ್ರ ಬರೆಯಲು ಸಾಕು. ಇನ್ನೊಬ್ಬ ನಾನು ಹಾಕಿದ ಗಟ್ಟಿಗ ಕಾರ್ಡ್. ಆಟವೆಲ್ಲ ಬಡಪಾಯಿಯ ತಲೆ ಮೇಲಿತ್ತು, ಗಟ್ಟಿಗ ಒಳಗೆ ಫ್ಯಾನ್ ಕೂಡ ತಿರುಗಿಸದೆ ಮಲಗಿದ್ದ. ಕಾರ್ಡಿನ ಡ್ರೈವರ್ ತಂತ್ರಾಂಶ ಕಿತ್ತು ಮತ್ತೆ ಹಾಕಿದೆ. ಆಟದ ಸೆಟ್ಟಿಂಗ್ ಬದಲಿಸಿದೆ. ಬಿಲ್ಲುಗಾರ್ತಿ ಇನ್ನೂ ಮೊಣಕಾಲು ನೋವಿನವಳ ಹಾಗೇ ಹೆಜ್ಜೆ ಹಾಕುತ್ತಿದ್ದಳು.

ಮಷಿನ್ನಿನ ಹಿಂದೆ ಬಗ್ಗಿ ನೋಡಿದೆ. ಅಲ್ಲಿ ಟೇಪ್ ಸುತ್ತಿ ಅಂಟಿಸಿದ ಹಸಿರು ಪೊಟ್ಟಣ, ಮಾನಿಟರಿನ ಕೇಬಲ್ ಅದರ ಹಿಂದೆ ಮಾಯವಾಗಿತ್ತು. ತೆಂಗಿನಕಾಯಿ ಘಮದ ಜೋಳದ ತಿಂಡಿ ಅದು. ಮಕ್ಕಳಿಗೆ "ಜಾಣಮರಿ, ಮಾತು ಕೇಳು" ಅನ್ನುತ್ತೇವಲ್ಲ, ಅದೇ ಅದರ ಹೆಸರು. ಮಷಿನ್ ತಂಟೆ ಮಾಡದೆ ಮಾತು ಕೇಳಲಿ ಅಂತ ನನ್ನ ಅಂಗಡಿಯ ಪ್ರತಿ ಮಷಿನ್ನಿನ ಮೇಲೂ ಒಂದೊಂದು ಇದೆ. ಹಸಿರೇ ಆಗಬೇಕು, ಬೇರೆ ಬಣ್ಣ ಇಟ್ಟರೆ, ತಾರೀಖು ಮುಗಿದದ್ದು ಇಟ್ಟರೆ ಮಷಿನ್ ಮುನಿಸಿಕೊಳ್ಳುತ್ತದೆ. ಇನ್ನೊಬ್ಬರು ಇಟ್ಟದ್ದನ್ನು ಮುಟ್ಟುವ ಹಾಗಿಲ್ಲ. ನಾನೂ ಮುಟ್ಟಲಿಲ್ಲ. ಕೇಬಲ್ ಹಾಕಿದವಳು ನಾನೇ ತಾನೇ, ಸರಿಯಾಗಿಯೇ ಇರುತ್ತದೆ ಅಂದುಕೊಂಡೆ.

ಕೊನೆಗೆ, ಮಷಿನ್ ಶುರುವಾಗುವಾಗಲೇ ತೆರೆಯುವ ಸೆಟ್ಟಿಂಗ್ ಪುಟಕ್ಕೆ ಹೋಗಿ, ಬಡಪಾಯಿ ಚಿಪ್ಪನ್ನೇ ಬಂದ್ ಮಾಡಿಬಿಟ್ಟೆ. ಗಟ್ಟಿಗ ಒಬ್ಬನೇ ಉಳಿದರೆ ಅವನೇ ದುಡಿಯಬೇಕು, ಅಲ್ಲವೇ?

ಮಷಿನ್ ಗುಯ್ ಅಂದಿತು. ಪರದೆ ಕಪ್ಪಗೇ ಉಳಿಯಿತು.

"ಏನೇ ಮಾಡ್ದೆ!" ಅಜ್ಜಿ ಚೀರಿದರು. "ನಿಂತು ನಿಂತಾದ್ರೂ ಬರ್ತಿತ್ತಲ್ಲೇ!"

"ಈಗ ಪೂರ್ತಿ ನಿಂತಿದೆ," ಅಂದರು ತಾತ. "ಮನೆ ಎಷ್ಟು ತಣ್ಣಗಿದೆ ನೋಡು."

ಅಷ್ಟರಲ್ಲಿ ಅಜ್ಜಿಯ ಫೋನಿನಿಂದ ಕಿಮ್-ಫಾಂಗ್ ಸೀಟಿ. "ಬೀ-ಹುನ್, ಎಲ್ಲರೂ ಬಂದಾಯ್ತು! ಬರ್ತೀಯೋ, ಆ ಲೋ ಮುದುಕನ್ನ ಕೂರಿಸಲೋ? ಪಕ್ಕದಲ್ಲೇ ಕಾಯ್ತಿದ್ದಾನೆ."

"ಬಂದೆ ಬಂದೆ, ಶೂ ಲೇಸ್ ಕಟ್ತಿದ್ದೀನಿ!" ಅಂದರು ಅಜ್ಜಿ, ಹವಾಯಿ ಚಪ್ಪಲಿಯಲ್ಲಿ ನಿಂತುಕೊಂಡು.

ಕಪ್ಪು ಪರದೆಯನ್ನೇ ನೋಡುತ್ತ ಕೂತವಳಿಗೆ ಆಗ ಹೊಳೆಯಿತು. ಬಡಪಾಯಿಯನ್ನು ಬಂದ್ ಮಾಡಿದರೆ ಚಿತ್ರವೇ ಹೋಯಿತು ಅಂದರೆ, ಕೇಬಲ್ ಇರುವುದೇ ಅವನ ತೂತಿನಲ್ಲಿ!

"ಅಜ್ಜಿ, ಹೊಸ ವರ್ಷಕ್ಕೆ ಮನೆ ಒರೆಸುವಾಗ ಈ ಕೇಬಲ್ ಕಿತ್ರಾ?"

"ಕೀಳದೆ ಧೂಳು ಹೇಗೇ ಒರೆಸೋದು? ಆಮೇಲೆ ವಾಪಸ್ ಹಾಕಿದ್ದೀನಪ್ಪ."

"ಅದೇ ತೂತಿಗಾ?"

"ಅದೇ ಥರದ್ದಕ್ಕೆ. ಕೆಳಗಿನ ತೂತಿನ ಮೇಲೆ ಪೊಟ್ಟಣ ಬಂತು. ಪೊಟ್ಟಣದ ಅಂಚಿನಡಿ ಮೇಲೊಂದು ಖಾಲಿ ಸಿಕ್ತು. ಎಷ್ಟು ಚೆನ್ನಾಗಿ ಕೂತ್ಕೊಳ್ತು ಗೊತ್ತಾ!"

"ಪೊಟ್ಟಣ ಎಲ್ಲರೂ ಮೇಲಿಡ್ತಾರೆ, ನೀವ್ಯಾಕೆ ಹಿಂದೆ ಅಂಟಿಸಿದ್ರಿ?"

ಅಜ್ಜಿ ಗದ್ದದಿಂದ ತಾತನ ಕಡೆ ತೋರಿಸಿದರು.

"ಒಂದೇ ಸಲ ತಿಂದಿದ್ದು," ಅಂದರು ತಾತ. ಅಜ್ಜಿ ನೋಡುತ್ತಲೇ ಇದ್ದರು. "ಸರಿ, ಮೂರು ಸಲ."

ಅಜ್ಜಿ ಮಷಿನ್ನಿಗೆ ಕೈಮುಗಿದು, "ಒಂದು ನಿಮಿಷ ಸಹಿಸ್ಕೊಳ್ಳಪ್ಪ," ಅಂತ ಟೇಪ್ ಬಿಚ್ಚಿದರು. ನಾನು ಮಷಿನ್ ಬಂದ್ ಮಾಡಿ, ಕೇಬಲನ್ನು ಮೇಲಿನ ತೂತಿನಿಂದ ಕಿತ್ತು ಕಾರ್ಡಿಗೆ ಸಿಕ್ಕಿಸಿದೆ. ಅಷ್ಟರಲ್ಲಿ ಅಜ್ಜಿ ಪೊಟ್ಟಣವನ್ನು ಬೆಳಕಿಗೆ ಹಿಡಿದು, "ಅಯ್ಯಯ್ಯೋ! ಇದರ ತಾರೀಖು ಮುಗಿದೇ ಹೋಗಿದೆ! ಅರ್ಧ ಬೆಲೆಯ ರಾಶಿಯಿಂದ ತಂದಿದ್ದೆ... ನೋಡ್ದ್ಯಾ, ಇದೇ ಕಾರಣ!"

"ಕಾರಣ ಕೇಬಲ್, ಅಜ್ಜಿ."

"ಹಾಗಾದ್ರೆ ಕೇಬಲ್ ತಪ್ಪು ತೂತಿಗೆ ಯಾಕೆ ಹೋಯ್ತು? ಹೇಳು ನೋಡೋಣ."

ಹೊಸ ಪೊಟ್ಟಣವಿಲ್ಲದೆ ಗುಂಡಿ ಒತ್ತಲು ಅಜ್ಜಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಒತ್ತಲು ಧೈರ್ಯ ಬರಲಿಲ್ಲ. ತಾತ ಬೇಸ್‌ಬಾಲ್ ಬಿಟ್ಟು, ಚಪ್ಪಲಿ ಪಟಪಟ ಅನ್ನಿಸುತ್ತ ಮೂಲೆಯಂಗಡಿಗೆ ಓಡಿದರು. ಆ ಮನುಷ್ಯ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಂದಾಗ ಕೈಯಲ್ಲಿ ಎರಡು ಹಸಿರು ಪೊಟ್ಟಣ.

"ಒಂದು ಅದಕ್ಕೆ, ಒಂದು ನನಗೆ. ಇನ್ನು ಹಿಂದೆ ಅಂಟಿಸೋದೇನೂ ಬೇಡ."

ಒಂದನ್ನು ಮಷಿನ್ನಿನ ನೆತ್ತಿ ಮೇಲೆ ಕೂರಿಸಿ ಗುಂಡಿ ಒತ್ತಿದೆವು. ಕಾರ್ಡಿನ ಫ್ಯಾನ್ ಎದ್ದು ತಿರುಗಿತು. ಕೋಟೆ, ಬಾವುಟ, ಬಿಲ್ಲುಗಾರ್ತಿಯ ಜಡೆ, ಎಲ್ಲ ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಆಡಿದವು. ಅಜ್ಜಿ ಹೆಡ್‌ಫೋನ್ ಏರಿಸಿ, "ಲೇಸ್ ಕಟ್ಟಿದ್ದಾಯ್ತು!" ಅಂತ ಕೂಗಿ ಒಳಗೆ ನುಗ್ಗಿದರು.

ನಾನು ತಾತನ ಪೊಟ್ಟಣದಲ್ಲಿ ಪಾಲು ತೆಗೆದುಕೊಂಡು ಅಲ್ಲೇ ಕೂತೆ. ಸ್ವಲ್ಪ ಹೊತ್ತಿಗೇ, "ಸತ್ತೆ ಕಣೇ!"

ಬಾಯಲ್ಲಿದ್ದದ್ದು ಅಲ್ಲೇ ನಿಂತಿತು. "ಮತ್ತೆ ಮಷಿನ್ನಾ?"

"ಅಲ್ವೇ! ಆನ್‌ಪಿಂಗ್‌ನ ಆ ಹಲ್ಲಿನ ಡಾಕ್ಟರಮ್ಮ! ಮರದ ಹಿಂದಿಂದ ಬಂದ್ಲು, ಕತ್ತಿ ಎತ್ತಿದ್ಲು, ಎಲ್ಲ ಕಣ್ಣಾರೆ ನೋಡ್ದೆ!" ಮುಖ ನೋಡಿದರೆ ಬಹುಮಾನ ಗೆದ್ದವರ ಹಾಗಿತ್ತು.

ಹೆಡ್‌ಫೋನಿನಿಂದ ಸೀಟಿ, ಹಿಂದೆಯೇ ಕಿಮ್-ಫಾಂಗ್ ದನಿ, ಕೋಣೆಗೆಲ್ಲ ಕೇಳುವಷ್ಟು ಜೋರಾಗಿ: "ಬೀ-ಹುನ್, ಸತ್ತಿದ್ದು ಸಾಕು, ಎದ್ದು ಕೋಟೆ ಬಾಗಿಲಿಗೆ ಬಾ! ಲೋ ಮುದುಕಾ, ನೀನು ಹೋಗಿ ಎಲ್ಲರಿಗೂ ಚಹಾ ಮಾಡು."