ವಿಳಾಸದ ಎರಡನೇ ಸಾಲು

ಒಂದು ಸಾವಿರದ ನೂರ ನಲವತ್ತು ಕಾಲಂಗಳ ಪಟ್ಟಿಯಲ್ಲಿ ಅದು ಎಂಟುನೂರ ಹನ್ನೆರಡನೆಯದು. ಸಂಜೆ ಐದೂವರೆಯಾಗಿತ್ತು, ಕಣ್ಣು ಉರಿಯುತ್ತಿತ್ತು, ತಲೆ ಕೆಟ್ಟು ಕೆರ ಹಿಡಿದಿತ್ತು. ಅದರ ಮುಂದೆ ‘ಕಸ’ ಎಂದು ಬರೆದು ಮನೆಗೆ ಹೋದೆ. ನಾನು ಮಾಡಿದ್ದು ಇಷ್ಟೇ. ಕೊಲೆ ಮಾಡಿದವನೂ ಹೀಗೇ ಹೇಳುತ್ತಾನೇನೋ.

ನಮ್ಮದು ವಿಮಾ ಕಂಪನಿ. ಇಪ್ಪತ್ತಾರು ವರ್ಷ ಎಳೆದ ಹಳೆಯ ವ್ಯವಸ್ಥೆ ಇನ್ನು ಸಾಕೆಂದು ಮೇಲಿನವರು ಒಂದು ಸಿದ್ಧ ಡೇಟಾ ಮಾಡೆಲ್ ಕೊಂಡು ತಂದರು. ವಿಮೆ ಮಾರುವ ಯಾವುದೇ ಕಂಪನಿಗೆ ಬೇಕಾಗುವ ಡಬ್ಬಿಗಳನ್ನೆಲ್ಲ, ಅಂದರೆ ಗ್ರಾಹಕ, ಪಾಲಿಸಿ, ವಿಳಾಸ, ಕುಟುಂಬ ಇತ್ಯಾದಿ, ಯಾರೋ ಮೊದಲೇ ಮಾಡಿ ಹೆಸರು ಅಂಟಿಸಿ ಇಟ್ಟಿರುತ್ತಾರೆ. ನಮ್ಮ ಹಳೆಯ ಮಾಹಿತಿಯನ್ನು ತಂದು ಅವುಗಳಿಗೆ ಸುರಿದರೆ ಆಯಿತು. ‘ಸುರಿದರೆ ಆಯಿತು’ ಎನ್ನುವವರು ಯಾರೂ ಸುರಿಯುವುದಿಲ್ಲ. ಸುರಿಯುವವನು ನಾನು. ಒಂದೊಂದು ಹಳೆಯ ಕಾಲಂ ಯಾವ ಡಬ್ಬಿಗೆ ಹೋಗಬೇಕೆಂದು ನೋಡಿ, ಹೊಂದಿದರೆ ‘ಸರಿಯಾಗಿದೆ’ ಎಂದೂ ಹೊಂದದಿದ್ದರೆ ‘ಕಸ’ ಎಂದೂ ಬರೆಯುವುದು ನನ್ನ ಕೆಲಸ.

ಮಾಡೆಲ್ ಮಾರಿದ ಕಂಪನಿ ತನ್ನ ತಜ್ಞನೊಬ್ಬನನ್ನು ನಮ್ಮಲ್ಲಿ ಕೂರಿಸಿತ್ತು. ಐವತ್ತರ ಆಸುಪಾಸಿನ ಮನುಷ್ಯ, ಊರೂರು ಅಲೆದು ಸುಸ್ತಾದವನು. ಮೂರು ಹೊತ್ತೂ ಗೋಡೆಯ ಮೇಲೆ ಡಬ್ಬಿ ಬರೆದು ಬಾಣ ಎಳೆಯುತ್ತಿದ್ದುದರಿಂದ ನಾವು ಅವನಿಗೆ ಡಬ್ಬಿ ಮೇಷ್ಟ್ರು ಎಂದು ಹೆಸರಿಟ್ಟಿದ್ದೆವು. ಅವನಿಗೆ ಅಚ್ಚುಮೆಚ್ಚಿನದು ‘ಕುಟುಂಬ’ದ ಡಬ್ಬಿ. ಒಂದೇ ವಿಳಾಸದವರನ್ನೆಲ್ಲ ಅದು ತಾನೇ ಒಟ್ಟುಗೂಡಿಸಿ, ಮನೆಯ ಯಜಮಾನನ ಹೆಸರಿಗೆ ವರ್ಷಕ್ಕೊಂದು ಪತ್ರ ಕಳಿಸುತ್ತದೆ. ಮನೆಮಂದಿಯ ಪಾಲಿಸಿಗಳೆಲ್ಲ ಒಂದೇ ಹಾಳೆಯಲ್ಲಿ. ಅಂಚೆ ಖರ್ಚು ಉಳಿಯುತ್ತದೆಂದು ಮ್ಯಾನೇಜರ್ ಸಾಹೇಬರು ಹಿಗ್ಗಿದ್ದರು.

ನನ್ನ ಹೆಂಡತಿಗೆ ಇದನ್ನು ಹೇಳಿದಾಗ ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. “ರೆಡಿಮೇಡ್ ತಗೊಂಡವರೇ ಅಲ್ವೇನ್ರೀ ಆಮೇಲೆ ನನ್ನ ಹತ್ರ ಬರೋದು, ತೋಳು ಉದ್ದ ಆಯ್ತು, ಸೊಂಟ ಬಿಗಿ ಆಯ್ತು ಅಂತ” ಎಂದಳು. ಅವಳು ಬಟ್ಟೆ ಹೊಲಿದು, ತಿದ್ದಿ ಕೊಡುವವಳು. ನಾನು ನಕ್ಕುಬಿಟ್ಟೆ.

ಆ ಎಂಟುನೂರ ಹನ್ನೆರಡನೆಯದು ‘ವಿಳಾಸದ ಎರಡನೇ ಸಾಲು’. ಹೆಚ್ಚಿನವರದು ಖಾಲಿ. ಕೆಲವರದರಲ್ಲಿ ಬರೀ ಅಲ್ಪವಿರಾಮ, ಕೆಲವರದರಲ್ಲಿ ‘ಮೇಲಿನಂತೆ’, ಒಬ್ಬರದರಲ್ಲಿ ‘ನಾಯಿ ಇದೆ ಎಚ್ಚರಿಕೆ’. ಮುನ್ನೂರ ಹನ್ನೆರಡು ಜನರ ಹೆಸರಿನ ಕೆಳಗೆ ಮಾತ್ರ ‘ಕಿಟಕಿ 3’ ಎಂದಿತ್ತು. ಯಾರ ಮನೆಗಾದರೂ ಅಂಥ ವಿಳಾಸವಿರುತ್ತದೆಯೇ? ಯಾವನೋ ಗುಮಾಸ್ತ ತೂಕಡಿಸುತ್ತ ಕುಟ್ಟಿರಬೇಕು ಎಂದುಕೊಂಡು ಇಡೀ ಕಾಲಮ್ಮನ್ನೇ ಗುಡಿಸಿ ಹಾಕಿದೆ.

ಗ್ರಾಹಕರ ಭಾಗ ಮುಗಿದ ಕೂಡಲೇ ಪತ್ರಗಳ ಪರೀಕ್ಷೆ ನಡೆಯಿತು. ನಮ್ಮಲ್ಲಿ ಏನೇ ಹೊಸದು ಬಂದರೂ ಮೊದಲು ನೌಕರರ ಮೇಲೆ ಪ್ರಯೋಗ. ಬುಧವಾರ ಮಧ್ಯಾಹ್ನ ಎಲ್ಲರ ಪತ್ರಗಳನ್ನೂ ಮೇಜಿಗೇ ತಂದು ಹಂಚಿದರು. ನನ್ನದನ್ನು ಒಡೆದೆ. ಮೂರು ಪಾಲಿಸಿಗಳಿದ್ದವು. ನನ್ನವು ಎರಡು. ಮೂರನೆಯದು ನನ್ನ ಹೆಂಡತಿಯದು, ಹನ್ನೊಂದು ವರ್ಷ ಹಳೆಯದು, ಒಂದು ಕಂತೂ ತಪ್ಪದ್ದು.

ಕಂಪ್ಯೂಟರ್ ತಪ್ಪು ಮಾಡಿದೆಯೆಂದು ಹಳೆಯ ವ್ಯವಸ್ಥೆ ತೆರೆದು ನೋಡಿದೆ. ಅವಳದೇ ಹೆಸರು, ಅವಳದೇ ಸಹಿ, ನಮ್ಮದೇ ಮನೆ. ವಿಳಾಸದ ಎರಡನೇ ಸಾಲಿನಲ್ಲಿ ‘ಕಿಟಕಿ 3’.

ಸುಳ್ಳೇಕೆ ಹೇಳಲಿ, ಮೊದಲು ಬಂದದ್ದು ಸಿಟ್ಟು. ಒಂದೇ ಸೂರಿನಡಿ ಹನ್ನೊಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದಳಲ್ಲ ಎಂದು. ಆಮೇಲೆ ಪಾಲಿಸಿ ಶುರುವಾದ ತಿಂಗಳು ಕಣ್ಣಿಗೆ ಬಿತ್ತು. ಅದಕ್ಕೂ ಹಿಂದಿನ ವರ್ಷ, ಅವಳು ಹೊಲಿಗೆಯಿಂದ ಕೂಡಿಟ್ಟಿದ್ದ ಹಣವನ್ನೆಲ್ಲ ನಾನು ತಮ್ಮನ ಅಂಗಡಿಗೆ ಕೊಟ್ಟಿದ್ದೆ. ಕೊಟ್ಟ ಮೇಲೆ ಅವಳಿಗೆ ಹೇಳಿದ್ದೆ. ಎಂಟೇ ತಿಂಗಳಲ್ಲಿ ಅಂಗಡಿ ಬಾಗಿಲು ಹಾಕಿತು. “ಕೇಳಿದ್ರೆ ನಾನು ಬೇಡ ಅಂತಿದ್ನಾ” ಎಂದಿದ್ದಳು, ಅಷ್ಟೇ. ಅವಳು ಜಗಳ ಆಡಲಿಲ್ಲವೆಂದು ನಾನು ಆ ವಿಷಯ ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಅಂಗಡಿ ಮುಚ್ಚಿದ ಮರುತಿಂಗಳೇ ಈ ಪಾಲಿಸಿ ಶುರುವಾಗಿತ್ತು.

ಗುರುವಾರ ಅರ್ಧ ದಿನ ರಜೆ ಹಾಕಿ, ಅವಳು ಪಾಲಿಸಿ ಮಾಡಿಸಿದ್ದ ಶಾಖೆಗೆ ಹೋದೆ. ಮೂರನೇ ಕಿಟಕಿಯ ಹಿಂದೆ ಕನ್ನಡಕವನ್ನು ದಾರದಲ್ಲಿ ಕಟ್ಟಿಕೊಂಡ ಹಿರಿಯ ಹೆಂಗಸೊಬ್ಬರು ಕೂತಿದ್ದರು, ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಮುಖ್ಯ ಕಚೇರಿಯಿಂದ ಬಂದವನು ಎಂದಷ್ಟೇ ಹೇಳಿದೆ, ಹೆಸರು ಹೇಳಲಿಲ್ಲ. ‘ಕಿಟಕಿ 3’ ಎಂದರೇನೆಂದು ಕೇಳಿದೆ.

“ನಾನೇಪ್ಪಾ ಕಿಟಕಿ ಮೂರು” ಎಂದರು. “ಮನೆಗೆ ಕಾಗದ ಕಳಿಸ್ಬೇಡಿ ಅಂತ ಹೇಳೋ ಹೆಂಗಸರು ಇರ್ತಾರೆ. ಹಾಗಂತ ಬರೆಯೋಕೆ ನಿಮ್ಮ ಕಂಪ್ಯೂಟರಲ್ಲಿ ಜಾಗ ಎಲ್ಲಿತ್ತು? ಎರಡನೇ ಸಾಲಲ್ಲಿ ಹೀಗೆ ಹೊಡೀತಿದ್ದೆ. ಕಾಗದ ಕಟ್ಟೋರು ಅದನ್ನ ನೋಡಿ ನನ್ನ ಡ್ರಾಯರಿಗೆ ತಂದು ಹಾಕ್ತಿದ್ರು. ಅವರು ಬಂದು ಇಸ್ಕೊಂಡು ಹೋಗ್ತಿದ್ರು.”

“ಗಂಡಂದಿರಿಗೆ ಗೊತ್ತಾಗ್ಬಾರ್ದು ಅಂತಾನಾ?”

“ಗಂಡ, ಅಣ್ಣ, ಮಗ. ಕುಡಿಯೋರು ಇದಾರೆ, ಹೊಡೆಯೋರು ಇದಾರೆ. ಒಳ್ಳೆಯೋರೂ ಇದಾರಪ್ಪಾ, ಆದ್ರೆ ಕೇಳದೇ ತಗೊಂಡುಬಿಡ್ತಾರೆ.” ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಅದೇನೋ ಮನೆಮಂದಿಗೆಲ್ಲ ಒಂದೇ ಕಾಗದ ಅಂತ ಸುತ್ತೋಲೆ ಬಂತಲ್ಲ, ಆವತ್ತಿಂದ ನನಗೆ ನಿದ್ದೆ ಇಲ್ಲ. ಬಂದವರಿಗೆಲ್ಲ ಅಂಚೆ ಪೆಟ್ಟಿಗೆ ಮೇಲೆ ಕಣ್ಣಿಟ್ಟಿರಿ ಅಂತ ಹೇಳಿದೀನಿ. ಎಷ್ಟು ದಿನ ಕಾಯ್ತಾರೆ ಪಾಪ.”

ನನ್ನ ಹೆಂಡತಿ ಹದಿನೈದು ದಿನಗಳಿಂದ ದಿನಕ್ಕೆ ಮೂರು ಸಲ ಮೆಟ್ಟಿಲಿಳಿದು ಕೆಳಗೆ ಹೋಗುತ್ತಿದ್ದುದು ನೆನಪಾಯಿತು. ಮಂಡಿ ನೋವು ಅನ್ನುತ್ತಿದ್ದವಳು.

“ಒಬ್ಬಳ ಗಂಡ ನಿಮ್ಮ ಆಫೀಸಲ್ಲೇ ಇರೋದು” ಎಂದರು ಆಕೆ. “ಹೆಸರು ಕೇಳ್ಬೇಡ. ‘ಅವರು ನೋಡಿಬಿಟ್ರೆ ಏನಮ್ಮಾ ಗತಿ’ ಅಂದೆ. ‘ಅವರು ಹೆಸರು ನೋಡಲ್ಲ, ಬರೀ ಕಾಲಂ ನೋಡ್ತಾರೆ’ ಅಂದ್ಳು.” ಹೇಳಿ ನಕ್ಕರು. ನಾನೂ ನಗಬೇಕಾಯಿತು. ಅಷ್ಟು ಕಷ್ಟಪಟ್ಟು ನಾನು ಯಾವತ್ತೂ ನಕ್ಕಿರಲಿಲ್ಲ.

ಸೋಮವಾರ ಎಲ್ಲ ಗ್ರಾಹಕರ ಪತ್ರಗಳೂ ಅಂಚೆಗೆ ಬೀಳುವುದಿತ್ತು. ಶುಕ್ರವಾರ ಬೆಳಿಗ್ಗೆಯೇ ಸಾಹೇಬರ ಕೋಣೆಗೆ ಹೋಗಿ, ‘ಕಿಟಕಿ 3’ರ ಹೆಂಗಸರ ವಿಷಯ ಹೇಳಿ, ಪತ್ರಗಳನ್ನು ತಡೆಯಬೇಕು ಎಂದೆ.

“ನಲವತ್ತು ಕಂಪನಿಯಲ್ಲಿ ಓಡ್ತಿರೋ ಮಾಡೆಲ್ ಇದು. ನಿಮಗೊಬ್ರಿಗೇ ತಪ್ಪು ಕಂಡಿದ್ದಾ?” ಎಂದರು.

“ಮಾಡೆಲಿಂದಲ್ಲ ಸಾರ್, ನನ್ನದು. ‘ಕಸ’ ಅಂತ ಬರೆದವನು ನಾನೇ.”

“ಈಗ ಹೇಗೆ ಗೊತ್ತಾಯ್ತು?”

ಹೆಂಡತಿಯ ಮಾತೆತ್ತದೆ, “ಶಾಖೆಗೆ ಹೋಗಿದ್ದೆ” ಎಂದೆ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಡಬ್ಬಿ ಮೇಷ್ಟ್ರು ಲೋಟ ಕೆಳಗಿಟ್ಟ.

“ಅದಕ್ಕೊಂದು ಡಬ್ಬಿ ಇದೆಯಲ್ರೀ” ಎಂದ. “‘ಪತ್ರ ಎಲ್ಲಿಗೆ’ ಅಂತ. ‘ಶಾಖೆಯಲ್ಲೇ ಇಡಿ’ ಅಂತ ತುಂಬಿದ್ರೆ ಕುಟುಂಬದ ಪತ್ರದಲ್ಲಿ ಅವರ ಹೆಸರೇ ಬರಲ್ಲ. ನಲವತ್ತು ಕಂಪನಿಯವರೂ ಅದನ್ನ ಖಾಲಿ ಬಿಟ್ಟಿದಾರೆ. ಏನು ತುಂಬಬೇಕು ಅಂತ ಯಾರಿಗೂ ಗೊತ್ತಿರಲ್ಲ.”

ಜಾಗವಿತ್ತು. ಮಾಡೆಲನ್ನು ಬಯ್ಯುವ ಸುಖವೂ ಕೈತಪ್ಪಿತು. ಸಾಹೇಬರು ಪತ್ರಗಳನ್ನು ಒಂದು ವಾರ ಮುಂದಕ್ಕೆ ಹಾಕಿ, ಮತ್ತೊಮ್ಮೆ ನೌಕರರ ಮನೆಗೆ, ಈ ಸಲ ಅಂಚೆಯಲ್ಲೇ, ಕಳಿಸಿ ನೋಡಿ ಎಂದರು.

ಶನಿವಾರ, ಭಾನುವಾರ ಎರಡೂ ಹಗಲು ಕೂತು ಮುನ್ನೂರ ಹನ್ನೆರಡು ಹೆಸರುಗಳನ್ನು ಒಂದೊಂದಾಗಿ ಓದಿ ಆ ಡಬ್ಬಿ ತುಂಬಿದೆ. ಯಂತ್ರಕ್ಕೆ ಒಪ್ಪಿಸಿದ್ದರೆ ಒಂದು ನಿಮಿಷದ ಕೆಲಸ. ಒಪ್ಪಿಸಲು ಮನಸ್ಸಾಗಲಿಲ್ಲ. ಅವಳ ಹೆಸರು ಇನ್ನೂರ ನಲವತ್ತನೆಯದು. ಅದನ್ನೂ ತುಂಬಿ ಪಕ್ಕದಲ್ಲಿ ‘ಸರಿಯಾಗಿದೆ’ ಎಂದು ಬರೆದೆ. ಬುಧವಾರದ ಆ ಪತ್ರವನ್ನು ಆಫೀಸಿನ ಯಂತ್ರಕ್ಕೆ ಹಾಕಿ ಚೂರು ಮಾಡಿದೆ. ನನಗಿಂತ ಒಂದು ಕಿಟಕಿಯನ್ನು ಹೆಚ್ಚು ನಂಬಿದಳಲ್ಲ ಎಂಬ ಸಂಕಟ ಮಾತ್ರ ಚೂರಾಗಲಿಲ್ಲ.

ಮುಂದಿನ ಗುರುವಾರ ಸಂಜೆ ಮನೆಗೆ ಹೋದಾಗ ಅವಳು ಅಂಚೆ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ನನ್ನ ಹೆಸರಿನ ಲಕೋಟೆ. ನನ್ನನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಆದರೂ ಲಕೋಟೆಯನ್ನು ಮುಂದೆ ಚಾಚಿದಳು.

“ನೀನೇ ಓದು” ಎಂದೆ. “ಬೆಳಗಿಂದ ಅಕ್ಷರ ನೋಡಿ ನೋಡಿ ಸಾಕಾಗಿದೆ.”

ಹೊಲಿಗೆ ಬಿಚ್ಚುವಾಗಿನ ನಿಧಾನದಲ್ಲಿ ಅವಳು ಅಂಚು ಹರಿದಳು. ಓದಿದಳು. ಮತ್ತೊಮ್ಮೆ ಓದಿದಳು. ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದಳು.

“ನಿಮ್ಮವು ಎರಡು ಪಾಲಿಸಿ” ಎಂದಳು. “ಅಷ್ಟೇ ಇರೋದು.”

“ಸರಿಯಾಗಿದೆ” ಎಂದೆ.

ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹಾಳೆಯನ್ನು ನಾಲ್ಕಾಗಿ ಮಡಿಸಿ ನನ್ನ ಕೈಗಿತ್ತು, “ಆ ರೆಡಿಮೇಡ್ ಕೆಲಸ ಮುಗೀತೇನ್ರೀ?” ಎಂದು ಕೇಳಿದಳು. ಕ್ಲೇಮುಗಳ ಮುನ್ನೂರು ಕಾಲಂ ಇನ್ನೂ ಬಾಕಿ ಇವೆ ಎಂದೆ. ಅವಳು ಮೊದಲ ಮೆಟ್ಟಿಲು ಹತ್ತಿದಳು. ಚೀಲ ಭಾರವಾಗಿತ್ತು. ಬೇರೆ ದಿನವಾಗಿದ್ದರೆ ಹೇಳದೆ ಕೇಳದೆ ಅವಳ ಕೈಯಿಂದ ಎಳೆದುಕೊಂಡಿರುತ್ತಿದ್ದೆ.

“ಚೀಲ ನಾನು ತಗೊಳ್ಳಲಾ?” ಎಂದು ಕೇಳಿದೆ.

ಅವಳು ತಿರುಗಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

“ಬೇಡ” ಎಂದಳು. “ನಾನೇ ತರ್ತೀನಿ.”

ಸರಿ ಎಂದು ಅವಳ ಹಿಂದೆ ಮೆಟ್ಟಿಲು ಹತ್ತಿದೆ.